ಮನೆಮೆಟ್ಟು

ನಮ್ಮೂರಿನಲ್ಲಿ ಬೇಟೆಗೆ ಹೋಗುವವರಿಗೆ ಮೆಟ್ಟು ಹೊಲಿಯುವಾಗ ಒಂದೇ ತೊಗಲಿನಲ್ಲಿ ಮೂರು ಕತ್ತರಿಸುತ್ತಾರೆ. ಎರಡು ಬೇಟೆಗಾರನ ಕಾಲಿಗೆ, ಮೂರನೆಯದು ಮನೆಗೆ. ಅದು ಬಲಗಾಲಿನದು. ಅದಕ್ಕೆ ಮನೆಮೆಟ್ಟು ಎನ್ನುತ್ತೇವೆ. ಜೋಡಿಗಲ್ಲಿನ ಕಣಿವೆ ದಾಟಿ ಆಚೆಯ ಅಡವಿಗೆ ಕಾಲಿಡುವ ನಮ್ಮೂರಿನವರು ಯಾರೇ ಆಗಲಿ, ಮನೆಮೆಟ್ಟನ್ನು ಊರಲ್ಲಿ ಒಬ್ಬರ ಕಾಲಿಗೆ ತೊಡಿಸಿಯೇ ಹೋಗಬೇಕು. ಆಮೇಲೆ ಅಡವಿಯಲ್ಲಿ ಅವನ ಬಲಗಾಲಿಗೆ ಸಿಕ್ಕಿದ ನೆಲವೆಲ್ಲ ಇಲ್ಲಿ ಇವರ ಬಲಗಾಲಿಗೂ ಸಿಗುತ್ತದೆ. ಅವನು ಹಳ್ಳಕ್ಕಿಳಿದರೆ ಒಲೆಯ ಮುಂದೆ ಕೂತ ಹೆಂಡತಿಯ ಅಂಗಾಲು ತಣ್ಣಗಾಗುತ್ತದೆ. ಅವನು ಬಿಸಿಲಿಗೆ ಕಾದ ಬಂಡೆ ಹತ್ತಿದರೆ ಇವಳು ಸೊಪ್ಪು ಸೋಸುವುದನ್ನು ಬಿಟ್ಟು ಕಾಲು ಮೇಲೆತ್ತಿಕೊಳ್ಳುತ್ತಾಳೆ. ಹೊರಗಿನಿಂದ ಬಂದವರು ಇದು ಹೇಗೆ ಎಂದು ಕೇಳುತ್ತಾರೆ. ಹೇಗೆ ಎಂದರೆ ಹೀಗೇ. ಹುಣಸೆಹಣ್ಣು ಯಾಕೆ ಹುಳಿ ಎಂದು ನಾವು ಅವರನ್ನು ಕೇಳಿದ್ದೇವೆಯೇ?

ನಾನು ಸಾಕವ್ವ. ಕಣಿವೆಗೆ ಹೋಗುವ ದಾರಿಯ ಬದಿಯಲ್ಲಿ ನನ್ನ ರೊಟ್ಟಿ ಅಂಗಡಿ ಇದೆ. ಅಂಗಡಿಯ ಮುಂದೆ ಒಂದು ಕಲ್ಲುಕಟ್ಟೆ. ಬೇಟೆಯ ಕಾಲ ಬಂತೆಂದರೆ ಮನೆಮೆಟ್ಟು ತೊಟ್ಟವರೆಲ್ಲ ಆ ಕಟ್ಟೆಯ ಮೇಲೆ ಬಂದು ಕೂರುತ್ತಾರೆ. ಮನೆಯಲ್ಲಿ ಒಬ್ಬರೇ ಕೂತು ಇನ್ನೊಬ್ಬರ ಕಾಲನ್ನು ಹೊರುವುದು ಕಷ್ಟ, ಅದಕ್ಕೆ. ಮಾತಾಡುತ್ತ ಮಾತಾಡುತ್ತ ಒಬ್ಬಳು ಹಾ ಎಂದು ಕಾಲು ಒದರುತ್ತಾಳೆ, ಅಲ್ಲಿ ಅವಳ ಮೈದುನನಿಗೆ ಮುಳ್ಳು ತಾಗಿರುತ್ತದೆ. ಇನ್ನೊಬ್ಬಳು ಕೆಸರಪ್ಪಾ ಕೆಸರು ಎಂದು ಮುಖ ಕಿವುಚುತ್ತಾಳೆ. ಅಲ್ಲಿ ಮುಳ್ಳು ಚುಚ್ಚಿದರೆ ಇಲ್ಲಿ ರಕ್ತ ಬರುವುದಿಲ್ಲ, ಚುಕ್ಕೆಯಷ್ಟು ಕೆಂಪಾಗುತ್ತದೆ. ಅಲ್ಲಿ ನೀರಿದ್ದರೆ ಇಲ್ಲಿ ಕಾಲು ಒದ್ದೆಯಾಗುವುದಿಲ್ಲ, ಚರ್ಮ ಮಾತ್ರ ಬಟ್ಟೆ ಒಗೆದವರ ಬೆರಳಿನ ಹಾಗೆ ಸುಕ್ಕಾಗುತ್ತದೆ. ಆದರೆ ಅದನ್ನೆಲ್ಲ ಯಾರೂ ಬಗ್ಗಿ ನೋಡುತ್ತಿರಲಿಲ್ಲ. ಹೇಳುವ ಬಾಯಿ ಇರುವಾಗ ಕಾಲನ್ನು ಯಾರು ನೋಡುತ್ತಾರೆ? ನಾನಂತೂ ಎಂದೂ ಮನೆಮೆಟ್ಟು ತೊಟ್ಟವಳಲ್ಲ. ನನಗೆ ಗಂಡನೂ ಇಲ್ಲ, ಬೇಟೆಗೆ ಹೋಗುವ ಅಣ್ಣತಮ್ಮಂದಿರೂ ಇಲ್ಲ. ಕೂತವರಿಗೆ ರೊಟ್ಟಿ ಕೊಟ್ಟು ಅವರ ಮುಖ ನೋಡಿ ನಗುವುದಷ್ಟೇ ನನ್ನ ಕೆಲಸವಾಗಿತ್ತು.

ಒಮ್ಮೆ ಪೇಟೆಯಿಂದ ಬಂದವರೊಬ್ಬರು ರೊಟ್ಟಿ ತಿನ್ನುತ್ತಾ ಫೋನು ತೆಗೆದು ಅದರಲ್ಲೊಂದು ನೀಲಿ ಚುಕ್ಕೆ ತೋರಿಸಿದರು. "ಇದು ಲೊಕೇಷನ್ ಅಮ್ಮ. ನಾನು ಎಲ್ಲಿದ್ದೀನಿ ಅಂತ ನಮ್ಮ ಮನೆಯವರಿಗೆ ಗೊತ್ತಾಗುತ್ತೆ" ಎಂದರು. ಕಟ್ಟೆಯ ಮೇಲಿದ್ದ ಬೋರಕ್ಕ ಇಣುಕಿ ನೋಡಿ, "ಬೂಟು ಕಚ್ತಾ ಐತೆ ಅಂತಾನೂ ಗೊತ್ತಾಗುತ್ತಾ ಸ್ವಾಮಿ?" ಎಂದು ಕೇಳಿದಳು. ಅವರು ಹೊಸ ಬೂಟು ಹಾಕಿಕೊಂಡು ಕುಂಟುತ್ತಾ ಬಂದಿದ್ದರು. ಕಟ್ಟೆಗೆ ಕಟ್ಟೆಯೇ ನಕ್ಕಿತು. ಪಾಪ, ಕಣಿವೆ ದಾಟುತ್ತಲೇ ಅವರ ಚುಕ್ಕೆ ನಿಂತುಹೋಯಿತಂತೆ.

ಈ ಬೋರಕ್ಕನ ಮುಖದಿಂದಲೇ ಎಲ್ಲ ಶುರುವಾದದ್ದು. ಅವಳ ಗಂಡ ಗಾದ್ರಪ್ಪ ನಮ್ಮೂರಿನ ಒಳ್ಳೆಯ ಬೇಟೆಗಾರ, ಬರಿಗೈಯಲ್ಲಿ ಬಂದದ್ದು ಕಡಿಮೆ. ಮದುವೆಯಾದ ಹೊಸತರಿಂದಲೂ ಅವನ ಮನೆಮೆಟ್ಟು ತೊಟ್ಟವಳು ಬೋರಕ್ಕನೇ. ಅವಳ ಮುಖದಲ್ಲಿ ಯಾವುದೂ ಮುಚ್ಚಿಕೊಳ್ಳುವುದಿಲ್ಲ. ಆ ವರ್ಷ ಗಾದ್ರಪ್ಪ ಹೊಸದೊಂದು ಮಡು ಕಂಡುಕೊಂಡಿದ್ದ. ಬೇಸಿಗೆಯಲ್ಲೂ ನೀರು ಆರದ ಮಡು, ಕಾಡುಹಂದಿಗಳು ಅಲ್ಲಿಗೇ ಬರುತ್ತಿದ್ದವು. ಅವನು ಯಾರಿಗೂ ಹೇಳಿರಲಿಲ್ಲ. ಆದರೆ ಮಡುವಿನಲ್ಲಿ ಕಾಲಿಟ್ಟಾಗಲೆಲ್ಲ ಸಣ್ಣ ಮೀನುಗಳು ಬಂದು ಅವನ ಬೆರಳು ಕಚ್ಚುತ್ತಿದ್ದವು, ಇಲ್ಲಿ ಕಟ್ಟೆಯ ಮೇಲೆ ಬೋರಕ್ಕ ಕಚಗುಳಿಗೆ ಹೊಟ್ಟೆ ಹಿಡಿದು ನಗುತ್ತಿದ್ದಳು. ಸೂರಯ್ಯ ಎಂಬ ಇನ್ನೊಬ್ಬ ಬೇಟೆಗಾರ ನನ್ನ ಅಂಗಡಿಯಲ್ಲಿ ಸುಮ್ಮನೆ ಚಹಾ ಕುಡಿಯುತ್ತ ಅವಳ ಮುಖವನ್ನೇ ನೋಡಿದ. ಮೊದಲು ಮುಳ್ಳು, ಆಮೇಲೆ ಕಾದ ಬಂಡೆ, ಆಮೇಲೆ ನಗು. ಮಾರನೆಯ ವಾರ ಗಾದ್ರಪ್ಪ ಮಡುವಿಗೆ ಹೋದಾಗ ಅಲ್ಲಿ ಸೂರಯ್ಯ ಒಲೆ ಹೂಡಿಕೊಂಡು ಕೂತಿದ್ದನಂತೆ.

ಗಾದ್ರಪ್ಪ ಬಂದವನೇ ಹೆಂಡತಿಯ ಮೇಲೆ ಕೂಗಾಡಿದ. "ಅಡವಿನೆಲ್ಲ ಮುಖದ ಮೇಲೆ ಬರ್ಕೊಂಡು ಕೂರ್ತೀಯಲ್ಲ! ಒಂಚೂರು ಹಲ್ಲು ಕಚ್ಕೊಂಡಿರೋಕಾಗಲ್ವಾ?" ಎಂದ. ಬೋರಕ್ಕ ಬಿಡುವವಳೇ? "ಮೀನಿಗೆ ಹೇಳು ಕಚ್ಬೇಡ ಅಂತ" ಎಂದಳು. ನಾಲ್ಕು ದಿನ ಆ ಮನೆಯಲ್ಲಿ ಮಾತಿರಲಿಲ್ಲ.

ಮುಂದಿನ ಬಾರಿ ಬೇಟೆಗೆ ಹೊರಟ ಬೆಳಿಗ್ಗೆ ಗಾದ್ರಪ್ಪ ಕಟ್ಟೆಯ ಹತ್ತಿರ ಬಂದ. ಬೋರಕ್ಕ ಅಭ್ಯಾಸದಂತೆ ಬಲಗಾಲು ಮುಂದೆ ಚಾಚಿದಳು. ಅವನು ಅವಳನ್ನು ದಾಟಿ ಹೋಗಿ, ಕಟ್ಟೆಯ ತುದಿಯಲ್ಲಿ ಬಿಸಿಲು ಕಾಯಿಸುತ್ತಿದ್ದ ಕಾಟಜ್ಜನ ಮುಂದೆ ಕೂತು, ಆತನ ಕಾಲಿಗೆ ಮನೆಮೆಟ್ಟು ತೊಡಿಸಿದ.

ಕಾಟಜ್ಜ ಬೋರಕ್ಕನ ಅಪ್ಪ. ಮಗಳ ಮನೆಯಲ್ಲೇ ಇದ್ದ. ಸಕ್ಕರೆ ಕಾಯಿಲೆ ಬಂದು ಎಷ್ಟೋ ವರ್ಷದಿಂದ ಆತನ ಪಾದಗಳಿಗೆ ಸ್ಪರ್ಶವೇ ಇರಲಿಲ್ಲ. ಒಮ್ಮೆ ನನ್ನ ಒಲೆಯಿಂದ ಸಿಡಿದ ಕೆಂಡದ ಮೇಲೆ ಕಾಲಿಟ್ಟುಕೊಂಡು ಮಾತಾಡುತ್ತಲೇ ಇದ್ದ, ಸುಟ್ಟ ವಾಸನೆ ಬಂದ ಮೇಲೆ ನಾನೇ ಓಡಿಹೋಗಿ ಕಾಲು ಎಳೆದೆ. ಅದಕ್ಕೇ ಬೋರಕ್ಕ ದಿನವೂ ಸಂಜೆ ಬಾಗಿಲ ಬೆಳಕಿನಲ್ಲಿ ಅಪ್ಪನ ಪಾದಗಳನ್ನು ತೊಡೆಯ ಮೇಲಿಟ್ಟುಕೊಂಡು ತೊಳೆದು, ಬೆರಳ ಸಂದಿಸಂದಿಯನ್ನೂ ಬಿಡಿಸಿ ನೋಡುತ್ತಿದ್ದಳು. ನೋವು ಹೇಳದ ಕಾಲನ್ನು ಕಣ್ಣಿನಿಂದ ಕಾಯಬೇಕು ಎಂದು ಊರಿನ ಡಾಕ್ಟರಮ್ಮ ಹೇಳಿದ್ದರು.

ಆ ಕಾಲಿಗೆ ಗಾದ್ರಪ್ಪ ಮನೆಮೆಟ್ಟು ತೊಡಿಸಿದ್ದು ನೋಡಿ ಎಲ್ಲರೂ ಗೊಳ್ಳೆಂದು ನಕ್ಕರು. ನಾನೂ ನಕ್ಕೆ. ಸೂರಯ್ಯ ಮಾತ್ರ, "ಇದು ಮೋಸ ಕಣಪ್ಪ" ಎಂದ. "ಯಾರ್ ಕಾಲಿಗಾದ್ರೂ ತೊಡ್ಸು ಅಂತ ತಾನೇ ಕಟ್ಟಳೆ? ಇದೂ ಕಾಲೇ" ಎಂದ ಗಾದ್ರಪ್ಪ. ಕಾಟಜ್ಜ ಮೆಟ್ಟನ್ನು ಹಿಂದೆ ಮುಂದೆ ತಿರುಗಿಸಿ ನೋಡಿಕೊಂಡು, "ಭಾರ ಇಲ್ಲ ಬಿಡು ಅಳಿಯಾ, ಹೋಗಿದ್ದು ಬಾ" ಎಂದ. ಬೋರಕ್ಕ ಮುಖ ತಿರುಗಿಸಿಕೊಂಡು ಕೂತಿದ್ದಳು. ಆ ಮುಖದಲ್ಲಿ ಬರೆದದ್ದನ್ನು ಓದಲು ಸೂರಯ್ಯನೇ ಬೇಕಿರಲಿಲ್ಲ.

ಗಾದ್ರಪ್ಪ ಮಾರನೆಯ ಸಂಜೆ ಬರಬೇಕಿತ್ತು. ಬರಲಿಲ್ಲ. ಬೇರೆ ಯಾರಾದರೂ ಆಗಿದ್ದರೆ ಮನೆಮೆಟ್ಟು ತೊಟ್ಟವರು, ಇಗೋ ಈಗ ಹುಲ್ಲುಗಾವಲು ದಾಟಿದ, ಇಗೋ ಕಣಿವೆಯ ಜಲ್ಲಿಗೆ ಬಂದ ಎನ್ನುತ್ತಿದ್ದರು, ಅಷ್ಟರಲ್ಲಿ ನಾನು ಒಲೆಗೆ ಇನ್ನೊಂದು ಕೊಳ್ಳಿ ತುರುಕುತ್ತಿದ್ದೆ. ಕಾಟಜ್ಜನನ್ನು ಕೇಳಿದರೆ ಆತ ತನ್ನ ಕಾಲನ್ನು ತಾನೇ ಅಪರಿಚಿತನಂತೆ ನೋಡಿದ. "ಕಲ್ಲನ್ನ ಕೇಳ್ದಂಗೆ ಕೇಳ್ತೀರಲ್ರಪ್ಪ" ಎಂದ. ಬೇರೆಯವರ ಕಾಲಿಗೆ ಬದಲಾಯಿಸೋಣವೆಂದರೆ ಅದೂ ಆಗುವುದಿಲ್ಲ. ಬೇಟೆಗಾರ ಬಂದು ತನ್ನ ಕೈಯಾರೆ ಬಿಚ್ಚುವವರೆಗೆ ಹೆಬ್ಬೆರಳು ಆ ತೊಗಲಿನ ಉಂಗುರದಲ್ಲೇ ಇರಬೇಕು. ಹಿಂದಿನ ಪಟ್ಟಿ ಸಡಿಲಿಸಿ ಅಟ್ಟೆಯನ್ನು ಪಕ್ಕಕ್ಕೆ ಸರಿಸಬಹುದು, ಅಷ್ಟೇ. ಹೆಬ್ಬೆರಳು ಆಚೆ ಬಂದರೆ ಮನೆಮೆಟ್ಟು ಸತ್ತಿತು, ಆಮೇಲೆ ಅದು ಬರೀ ತೊಗಲು.

ಬೆಳಗಾದ ಮೇಲೆ ಗಂಡಸರೆಲ್ಲ ಕಟ್ಟೆಯ ಹತ್ತಿರ ಸೇರಿದರು. ಅಡವಿ ನಾಲ್ಕು ದಿಕ್ಕಿಗೂ ಬಿದ್ದಿದೆ. ಸೂರಯ್ಯ ಬೆಳಕು ಹರಿಯುವ ಮೊದಲೇ ಮೀನಿನ ಮಡುವಿನ ತನಕ ಹೋಗಿ ಬಂದಿದ್ದ, ಅಲ್ಲಿ ಹೆಜ್ಜೆಯಿರಲಿಲ್ಲ. "ದಿಕ್ಕು ಗೊತ್ತಿದ್ರೆ ಪ್ರಾಣ ಕೊಟ್ಟಾದ್ರೂ ಹುಡುಕ್ತೀವಿ ಬೋರಕ್ಕ. ಎತ್ಲಾಗೆ ಅಂತ ಹೋಗೋಣ?" ಎಂದು ಆತ ಕೇಳಿದ. ಮೊನ್ನೆ ನಕ್ಕವರೆಲ್ಲ ತಲೆ ತಗ್ಗಿಸಿ ನಿಂತಿದ್ದರು.

ಬೋರಕ್ಕ ಅಳಲಿಲ್ಲ. ಅವಳು ಅಪ್ಪನ ಮುಂದೆ ಕೂತು, ಮನೆಮೆಟ್ಟಿನ ಹಿಂದಿನ ಪಟ್ಟಿ ಸಡಿಲಿಸಿ ಅಟ್ಟೆಯನ್ನು ಮೆಲ್ಲಗೆ ಸರಿಸಿದಳು. ನಾನು ರೊಟ್ಟಿ ಬಿಟ್ಟು ಹತ್ತಿರ ಹೋದೆ. ಪಾದವನ್ನು ಬೆಳಕಿಗೆ ಎತ್ತಿ ಹಿಡಿದು ಅವಳು ಸುಮಾರು ಹೊತ್ತು ನೋಡಿದಳು. ಆಮೇಲೆ, "ಸಾಕಕ್ಕ, ಇದನ್ ನೋಡು" ಎಂದಳು.

ಕಾಟಜ್ಜನ ಎಡಗಾಲು ಎಂದಿನಂತೆ ಒಣಗಿ ಬಿರುಕು ಬಿಟ್ಟಿತ್ತು. ಬಲಗಾಲು ಬೆಳ್ಳಗೆ, ನೀರಿನಲ್ಲಿ ನೆನೆದು ಸುಕ್ಕಾಗಿತ್ತು. ಪಾದದ ಮೇಲ್ಭಾಗದಲ್ಲಿ ಅಡ್ಡಕ್ಕೆ ಒಂದು ನೀಲಿ ಪಟ್ಟೆ, ಮೇಲೆ ಭಾರವೇನೋ ಕೂತ ಹಾಗೆ. ಅಂಗಾಲಿನ ತುಂಬ ಪುಟ್ಟ ಪುಟ್ಟ ಗುಂಡು ತಗ್ಗುಗಳು. ಆತ ಮೊನ್ನೆಯಿಂದ ಕಟ್ಟೆ ಬಿಟ್ಟು ಮನೆ, ಮನೆ ಬಿಟ್ಟು ಕಟ್ಟೆ ಎಂದು ಓಡಾಡಿದವನಷ್ಟೇ. ಬೋರಕ್ಕ ಆ ತಗ್ಗುಗಳ ಮೇಲೆ ಬೆರಳು ಆಡಿಸಿದಳು. "ನೀರಲ್ಲವ್ನೆ. ಕಾಲ್ ಮೇಲೆ ಬಂಡೆ ಉರುಳೈತೆ" ಎಂದಳು. ಆಗಲೇ ಕಾಟಜ್ಜನ ಹೆಬ್ಬೆರಳು ಅಲ್ಲಾಡಿತು. ಒಮ್ಮೆ, ಮತ್ತೊಮ್ಮೆ. ನಾವೆಲ್ಲ ಆತನ ಮುಖ ನೋಡಿದೆವು. ಆತ ಎರಡು ಕೈಯನ್ನೂ ಎತ್ತಿ, "ನಾನಲ್ಲ. ನಾನಲ್ಲ ಕಣ್ರವ್ವ" ಎಂದ. ಆತನ ದನಿಯಲ್ಲಿ ಭಯವಿತ್ತು, ಭಕ್ತಿಯೂ ಇತ್ತು. ಬೋರಕ್ಕ ಆ ಹೆಬ್ಬೆರಳನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಳು. ನಾನು ದೇವರನ್ನು ಕಂಡವಳಲ್ಲ. ಆದರೆ ಕಂಡವರಿಗೆ ಹೇಗಾಗುತ್ತದೆ ಎಂದು ಆವತ್ತು ಗೊತ್ತಾಯಿತು.

ಸೂರಯ್ಯ, "ಬದುಕವ್ನೆ ಅಂತಾತು. ಆದ್ರೆ ಅಡವಿ ತುಂಬ ನೀರೈತಲ್ಲವ್ವ" ಎಂದ. ಬೋರಕ್ಕ ತಲೆಯಾಡಿಸಿದಳು. "ಈ ಜಲ್ಲಿ ಎಲ್ಲ ನೀರಾಗೂ ಇಲ್ಲ. ಹುರುಳಿಕಾಳಿನಂಗೆ ಗುಂಡಗೈತೆ. ಮದುವೆ ಆದ್ ಹೊಸದ್ರಲ್ಲಿ ಅಲ್ಲಿಗೆ ಹೋಗ್ತಿದ್ದ. ನಾನು ರಾಗಿ ಬೀಸ್ತಾ ಕೂತಿದ್ರೆ ಕಾಲಡಿ ಹುರುಳಿ ಚೆಲ್ಲೈತೇನೋ ಅಂತ ಬಗ್ಗಿ ಬಗ್ಗಿ ನೋಡ್ತಿದ್ದೆ. ಆಮೇಲೆ ದೂರ ಆಗುತ್ತೆ ಅಂತ ಬಿಟ್ಬಿಟ್ಟ. ಈಗ ಮಡುವು ನಿನ್ನ ಪಾಲಾತು ನೋಡು, ಹಳೇದಕ್ಕೇ ಹೋಗವ್ನೆ." ಸೂರಯ್ಯ ಮುಖ ಆಚೆ ತಿರುಗಿಸಿದ. "ದಾರಿ ಗೊತ್ತಾ?" ಎಂದು ಕೇಳಿದ. "ಕಣ್ಣಿಗೆ ಗೊತ್ತಿಲ್ಲ" ಎಂದಳು ಬೋರಕ್ಕ, "ಕಾಲಿಗೆ ಗೊತ್ತು."

ಅವಳು ಎಂದೂ ಕಣಿವೆ ದಾಟಿದವಳಲ್ಲ. ಅವಳಿಗೆಂದು ಹೊಲಿದ ಮೆಟ್ಟೂ ಇರಲಿಲ್ಲ. ಮನೆಗೆ ಓಡಿಹೋಗಿ ಅಟ್ಟದ ಮೇಲಿದ್ದ ಗಂಡನ ಹಳೆಯ ಜೋಡಿ ತಂದಳು, ಅದರ ಮನೆಮೆಟ್ಟೂ ಅದಕ್ಕೆ ಕಟ್ಟಿಕೊಂಡೇ ಇತ್ತು. ದೊಡ್ಡದಾದ ಮೆಟ್ಟನ್ನು ಸೀರೆಯ ಚೂರಿನಿಂದ ಕಾಲಿಗೆ ಬಿಗಿದುಕೊಂಡಳು. ಆಮೇಲೆ ಮೂರನೆಯದನ್ನು ಹಿಡಿದು ಕಟ್ಟೆಯತ್ತ ನೋಡಲಿಲ್ಲ, ನೇರವಾಗಿ ನನ್ನ ಮುಂದೆ ಬಂದು ಕೂತಳು. "ಕಾಲು ಕೊಡು ಸಾಕಕ್ಕ."

"ನಂದಾ? ನಂಗೇನ್ ಗೊತ್ತೇ ಇದೆಲ್ಲ?" ಎಂದೆ.

"ಇಷ್ಟು ದಿನ ನಮ್ಮನ್ನ ನೋಡಿ ನಕ್ಕಿಲ್ವಾ? ಈಗ ನೀನೂ ಒಂಚೂರು ಹೊರು" ಎಂದು ನನ್ನ ಹೆಬ್ಬೆರಳನ್ನು ಉಂಗುರಕ್ಕೆ ತೂರಿಸಿಯೇಬಿಟ್ಟಳು.

ಹೊರಡುವ ಮೊದಲು ಹರಳೆಣ್ಣೆ ಬೆಚ್ಚಗೆ ಮಾಡಿ ತಂದು ಅಪ್ಪನ ಬಲಗಾಲಿಗೆ ತಿಕ್ಕಿದಳು. ಅಷ್ಟರಲ್ಲಿ ಡಾಕ್ಟರಮ್ಮ ಬಂದರು. ಪಾದವನ್ನು ಒತ್ತಿ ನೋಡಿ ಅವರ ಮುಖ ಬಿಗಿಯಾಯಿತು. "ಅಜ್ಜ, ಇದನ್ನ ಈಗಲೇ ತೆಗೀಬೇಕು. ರಕ್ತ ಓಡ್ತಾ ಇಲ್ಲ. ಗಟ್ಟಿ ಕಾಲಾಗಿದ್ರೆ ತಡ್ಕೊಳ್ತಿತ್ತು, ನಿಮ್ಮ ಕಾಲು ತಡ್ಕೊಳ್ಳಲ್ಲ. ಸಂಜೆ ತನಕ ಹೀಗೇ ಬಿಟ್ರೆ ಕಾಲೇ ಹೋಗುತ್ತೆ" ಎಂದರು. ಬೋರಕ್ಕನ ಕೈ ಎಣ್ಣೆಯಲ್ಲೇ ನಿಂತಿತು. ತೆಗೆದರೆ ಗಂಡ ಎಲ್ಲಿದ್ದಾನೆ, ಇದ್ದಾನೋ ಇಲ್ಲವೋ ಎಂದು ತಿಳಿಯುವ ಒಂದೇ ಎಳೆ ಕಡಿಯುತ್ತದೆ. ತೆಗೆಯದಿದ್ದರೆ ಅಪ್ಪನ ಕಾಲು. ಅವಳು ಅಪ್ಪನ ಮುಖ ನೋಡಿದಳು.

ಕಾಟಜ್ಜ ಮಗಳ ತಲೆಯ ಮೇಲೆ ಕೈಯಿಟ್ಟ. "ನೀನ್ ನಡಿ ಮಗಾ, ಬಿಸ್ಲು ಏರ್ತೈತೆ" ಎಂದ. ಆಮೇಲೆ ಡಾಕ್ಟರಮ್ಮನ ಕಡೆ ತಿರುಗಿದ. "ಅಳಿಯ ತೊಡಿಸಿದ್ದು ತಮಾಷೆಗೆ ಡಾಕ್ಟ್ರಮ್ಮ. ನಾನು ತೊಟ್ಟಿದ್ದು ತಮಾಷೆಗಲ್ಲ. ಅವ್ನೇ ಬಂದು ಬಿಚ್ಲಿ."

ಬೋರಕ್ಕ, ಸೂರಯ್ಯ, ಜೊತೆಗೆ ಇನ್ನಿಬ್ಬರು ಗಂಡಸರು ಕಣಿವೆಯತ್ತ ನಡೆದರು. ಹೋಗುವಾಗ ಅವಳು ನನಗೆ, "ಅಪ್ಪಯ್ಯನ ಕಾಲಿಗೆ ಎಣ್ಣೆ ತಿಕ್ತಾ ಇರು, ತಣ್ಣಗಾಗೋಕೆ ಬಿಡ್ಬೇಡ" ಎಂದು ಹೇಳಿದ್ದಳು. ನಾನು ಅಂಗಡಿಯ ಬಾಗಿಲು ಹಾಕಿ ಕಾಟಜ್ಜನ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ನನ್ನ ಕಾಲಿನಲ್ಲಿದ್ದದ್ದು ಇನ್ನೂ ಬರೀ ಚಪ್ಪಲಿ.

ಅವರು ಜೋಡಿಗಲ್ಲು ದಾಟಿರಬೇಕು. ಇದ್ದಕ್ಕಿದ್ದಂತೆ ನನ್ನ ಬಲಗಾಲಿನ ಕೆಳಗಿದ್ದ ನುಣುಪು ಕಲ್ಲುಚಪ್ಪಡಿ ಇಲ್ಲವಾಯಿತು. ಅಲ್ಲಿ ಹುಲ್ಲಿತ್ತು. ಇಬ್ಬನಿ ಆರದ ಹುಲ್ಲು. ಅಯ್ಯೋ ಎಂದು ಕಾಲೆತ್ತಿದೆ, ಎತ್ತಿದ ಕಾಲಿನ ಕೆಳಗೂ ಹುಲ್ಲು. ಐವತ್ತು ದಾಟಿದ ನನಗೆ ಅಡವಿ ಎಂದರೆ ದೂರದಿಂದ ಕಾಣುವ ಹಸಿರು, ಆಗಾಗ ಬರುವ ಹಂದಿಯ ಮಾಂಸ. ಇಷ್ಟು ವರ್ಷ ಈ ಹೆಂಗಸರು ನನ್ನ ಕಣ್ಣೆದುರು ಕೂತು ಹೊರುತ್ತಿದ್ದದ್ದು ಇದನ್ನೇ. ಹುಲ್ಲು ಮುಗಿದು ಸಡಿಲ ಮಣ್ಣು ಬಂತು. ಆಮೇಲೆ ಬೇರುಗಳು, ಒಂದರ ಮೇಲೊಂದು ಹಾಯ್ದ ಬೇರುಗಳು. ಆಮೇಲೆ ಹಂಚಿನಂತೆ ಕಾದ ಬಂಡೆ. ನಾನು ಎಲ್ಲವನ್ನೂ ಕಾಟಜ್ಜನಿಗೆ ಹೇಳುತ್ತಾ ಹೋದೆ. ಆತ ಚಿಕ್ಕವನಿದ್ದಾಗ ಇದೇ ದಾರಿಯಲ್ಲಿ ಬೇಟೆಯಾಡಿದವನು. ಕಣ್ಣು ಮುಚ್ಚಿಕೊಂಡು, "ಹೂಂ... ಹೂಂ... ಈಗ ಇಳಿಜಾರು ಬರ್ಬೇಕು" ಎನ್ನುತ್ತಿದ್ದ. ಇಳಿಜಾರು ಬರುತ್ತಿತ್ತು.

ಅಲ್ಲಲ್ಲಿ ಅವಳು ನಿಲ್ಲುತ್ತಿದ್ದಳು. ಪಾದವನ್ನು ನೆಲದ ಮೇಲೆ ಸವರಿದಂತೆ ಆಡಿಸಿ, ಎರಡು ಹೆಜ್ಜೆ ಹಿಂದೆ ಬಂದು, ಬೇರೆ ಕಡೆ ಇಟ್ಟು, ಮತ್ತೆ ನಡೆಯುತ್ತಿದ್ದಳು. ಕತ್ತಲೆಯ ಕೋಣೆಯಲ್ಲಿ ನಾವು ಬೆಂಕಿಪೆಟ್ಟಿಗೆ ಹುಡುಕುತ್ತೇವಲ್ಲ, ಹಾಗೆ. ಅವಳು ದಾರಿಯುದ್ದಕ್ಕೂ ಕಣ್ಣು ಮುಚ್ಚಿಕೊಂಡೇ ನಡೆದಳೆಂದು ಸೂರಯ್ಯ ಆಮೇಲೆ ಹೇಳಿದ. ಕಣ್ಣು ಬಿಟ್ಟರೆ ಎಲ್ಲ ಹೊಸದಾಗಿ ಕಂಡು ಗಾಬರಿಯಾಗುತ್ತಿತ್ತಂತೆ. ಮುಚ್ಚಿದರೆ ತನ್ನ ಅಡುಗೆಮನೆಯಷ್ಟೇ ಪರಿಚಯವಂತೆ.

ನನ್ನ ಕೈಗಳು ತಿಕ್ಕುತ್ತಲೇ ಇದ್ದವು. ಕಾಟಜ್ಜನ ಕಾಲಿನ ಬೆರಳುಗಳು ಕಪ್ಪಾಗುತ್ತ ಬಂದದ್ದನ್ನು ನಾನು ಆತನಿಗೆ ಹೇಳಲಿಲ್ಲ. ಆತ ಕೇಳಲೂ ಇಲ್ಲ. ಹೊತ್ತು ನೆತ್ತಿಯಿಂದ ಸರಿದ ಮೇಲೆ, ನನ್ನ ಕಾಲಿನ ಕೆಳಗೆ ಯಾರೋ ಮೊರದಿಂದ ಹುರುಳಿ ಸುರಿದ ಹಾಗಾಯಿತು. ಗುಂಡು, ಗಟ್ಟಿ, ಕಾಲಿಟ್ಟಲ್ಲಿ ಜಾರುವ ಜಲ್ಲಿ. "ಹುರುಳಿ! ಅಜ್ಜ, ಹುರುಳಿ!" ಎಂದು ಕಿರುಚಿದೆ. ಮರುಕ್ಷಣ ನೀರು, ಎಲುಬು ಕೊರೆಯುವ ನೀರು. ಅವಳು ಓಡುತ್ತಿದ್ದಳು. ಆಮೇಲೆ ನಿಂತಳು. ಕಾಲನ್ನು ಜಲ್ಲಿಯಲ್ಲಿ ಊರಿ ಒತ್ತಿದಳು, ಬಲವಾಗಿ, ಇನ್ನೂ ಬಲವಾಗಿ. ನಾನು ಕಾಟಜ್ಜನ ಪಾದ ನೋಡುತ್ತಿದ್ದೆ. ಆ ನೀಲಿ ಪಟ್ಟೆಯ ಒಂದು ಅಂಚು ಬೆಳ್ಳಗಾಯಿತು. ಒಳಕ್ಕೆ ಅದುಮಿದ್ದ ಚರ್ಮ ಮೆಲ್ಲಗೆ, ಉಸಿರು ಬಿಟ್ಟ ಹಾಗೆ, ಮೇಲೆ ಬಂತು. ಬಂಡೆ ಎದ್ದಿತ್ತು. ಕಾಟಜ್ಜನ ಎರಡೂ ಕೈ ಹಿಡಿದುಕೊಂಡು ಅತ್ತೆ.

ಹೊತ್ತು ಮುಳುಗುವ ಮೊದಲು ಕಂಬಳಿಯ ಜೋಲಿಯಲ್ಲಿ ಗಾದ್ರಪ್ಪನನ್ನು ಹೊತ್ತು ತಂದರು. ಬಲಗಾಲು ಮುರಿದಿತ್ತು, ಮುಖ ಸುಣ್ಣದಂತಿತ್ತು. ಕಟ್ಟೆಯ ಹತ್ತಿರ ಇಳಿಸಿದ ಕೂಡಲೇ ಅವನು ಮಾಡಬೇಕಾದ ಮೊದಲ ಕೆಲಸ ಮನೆಮೆಟ್ಟು ಬಿಚ್ಚುವುದು. ತೆವಳಿಕೊಂಡು ಮಾವನ ಕಾಲ ಬಳಿಗೆ ಬಂದ. ಪಟ್ಟಿ ಬಿಚ್ಚಿ ಆ ಕಪ್ಪಾದ ಬೆರಳುಗಳನ್ನು ಕಂಡವನೇ ಹಣೆಯನ್ನು ಆ ಪಾದದ ಮೇಲಿಟ್ಟು ಮಗುವಿನ ಹಾಗೆ ಅತ್ತ. "ನಿಮ್ ಕಾಲು ನಾ ತಿಂದ್ಬಿಟ್ಟೆ ಮಾವ" ಎಂದ. ಕಾಟಜ್ಜ ಅವನ ಬೆನ್ನು ತಟ್ಟಿ, "ನಂಗೇನೂ ನೋವಾಗ್ಲಿಲ್ಲ ಬಿಡು" ಎಂದ. ಅದು ಸುಳ್ಳಲ್ಲ. ಆದರೆ ಅದನ್ನು ಕೇಳಿ ಅಳದವರು ಅಲ್ಲಿ ಒಬ್ಬರೂ ಇರಲಿಲ್ಲ.

ಚಹಾ ಕುಡಿದು ಸ್ವಲ್ಪ ಚೇತರಿಸಿಕೊಂಡ ಮೇಲೆ ಗಾದ್ರಪ್ಪ ಹೇಳತೊಡಗಿದ. "ಕಾಲು ಮರಗಟ್ಟಿ ಹೋಗಿತ್ತು. ಮಾವನ ಕಾಲಿನಂಗೇ ಆಗಿತ್ತು, ಐತೋ ಇಲ್ವೋ ಗೊತ್ತಾಗ್ತಿರ್ಲಿಲ್ಲ. ಸುಮ್ನೆ ಬೆರಳು ಆಡ್ಸಿ ನೋಡ್ದೆ. ಯಾರೋ ಹೆಬ್ಬೆರಳು ಹಿಡ್ಕೊಂಡ್ರು. ಸಾಯೋ ಹೊತ್ನಲ್ಲಿ ಹಿಂಗೆಲ್ಲ ಆಗುತ್ತೇನೋ ಅಂದ್ಕೊಂಡೆ. ಆಮೇಲೆ ಬೆಚ್ಚಗೆ ಎಣ್ಣೆ ತಿಕ್ಕೋಕೆ ಶುರುವಾತು. ಅದು ಬೋರಿ ಕೈ. ನಂಗೆ ಗೊತ್ತಾಗಲ್ವಾ? ಆಗ ನೀರು ಕುಡ್ದು, ಕಣ್ಣು ಮುಚ್ಬಾರ್ದು ಅಂತ ಗಟ್ಟಿ ಮಾಡ್ಕೊಂಡೆ." ಅವನು ನನ್ನ ಕಡೆ ನೋಡಿದ. "ಸ್ವಲ್ಪ ಹೊತ್ತಾದ್ಮೇಲೆ ಬೇರೆ ಯಾರ್ದೋ ಕೈ ಬಂತು. ತಿಕ್ಕೋದಲ್ಲ ಅದು, ರೊಟ್ಟಿ ತಟ್ದಂಗಿತ್ತು. ನಿದ್ದೆ ಬಂದ್ರೂ ಮಲಗೋಕೆ ಬಿಡ್ಲಿಲ್ಲ."

ಯಾರೂ ನಗಲಿಲ್ಲ. ಕಟ್ಟೆಯ ಸುತ್ತ ನಿಂತಿದ್ದ ಬೇಟೆಗಾರರೆಲ್ಲ ತಮ್ಮ ತಮ್ಮ ಹೆಂಡಂದಿರ, ತಾಯಂದಿರ ಕಾಲು ನೋಡುತ್ತಿದ್ದರು. ಮನೆಮೆಟ್ಟು ಅಡವಿಯಿಂದ ಮನೆಗೆ ಸುದ್ದಿ ತರುತ್ತದೆ ಎಂದಷ್ಟೇ ತಲೆತಲಾಂತರದಿಂದ ತಿಳಿದಿದ್ದೆವು. ಮನೆಯಿಂದ ಅಡವಿಗೂ ಹೋಗುತ್ತದೆ ಎಂದು ತಿಳಿಯಬೇಕಾದರೆ ಬೇಟೆಗಾರ ಒಂದು ಕಡೆ ನಿಲ್ಲಬೇಕಿತ್ತು. ನಮ್ಮ ಗಂಡಸರಲ್ಲಿ ಯಾರು ನಿಂತಿದ್ದರು? ಓಡುವ ಕಾಲಿಗೆ ಓಡುವ ನೆಲವೇ ಗೊತ್ತು. ಸೂರಯ್ಯ, "ಅಂದ್ರೆ ನಮ್ಮವ್ವ ಸಾರಿಸಿದ್ ನೆಲ, ಇಷ್ಟು ವರ್ಷ ನನ್ನ ಕಾಲಡಿಗೇ ಇತ್ತು ಅಂತಾತು" ಎಂದ. ಅವನ ಅವ್ವ ಹೋಗಿ ಆಗಲೇ ಎರಡು ಮಳೆಗಾಲ ಕಳೆದಿತ್ತು.

ಕಾಟಜ್ಜನ ಕಾಲು ಉಳಿಯಲಿಲ್ಲ. ಪೇಟೆಯ ಆಸ್ಪತ್ರೆಯಲ್ಲಿ ಮೊಣಕಾಲಿನ ಕೆಳಗೆ ತೆಗೆದರು. ಗಾದ್ರಪ್ಪನ ಕಾಲು ಕೂಡಿತು, ಸ್ವಲ್ಪ ಕುಂಟು ಉಳಿಯಿತು. ಈಗ ಸಂಜೆ ಬಾಗಿಲ ಬೆಳಕಿನಲ್ಲಿ ಮಾವನ ಉಳಿದ ಕಾಲನ್ನು ತೊಡೆಯ ಮೇಲಿಟ್ಟುಕೊಂಡು ತೊಳೆದು ಬೆರಳ ಸಂದಿ ನೋಡುವವನು ಅವನೇ. ಬೋರಕ್ಕ ಪಕ್ಕದಲ್ಲಿ ನಿಂತು, "ಅಲ್ಲಿ ನೋಡ್ಲಿಲ್ಲ, ಇಲ್ಲಿ ನೋಡ್ಲಿಲ್ಲ" ಎಂದು ತಪ್ಪು ತೆಗೆಯುತ್ತಾಳೆ. ಊರಿನಲ್ಲೂ ಒಂದು ಹೊಸ ರೂಢಿ ಬಂತು. ಸೂರ್ಯ ಜೋಡಿಗಲ್ಲಿನ ನಡುವೆ ಇಳಿಯುವ ಹೊತ್ತಿಗೆ, ಹಂದಿ ಎದುರಿಗೇ ಬರಲಿ, ಬೇಟೆಗಾರರು ಇದ್ದಲ್ಲೇ ನಿಲ್ಲುತ್ತಾರೆ. ಇಲ್ಲಿ ಮನೆಮೆಟ್ಟು ತೊಟ್ಟವರು ಕಟ್ಟೆಯಿಂದ ಇಳಿದು ಬಲಗಾಲನ್ನು ನೆಲಕ್ಕೆ ಒತ್ತಿ ನಿಲ್ಲುತ್ತಾರೆ. ಆಗ ನನ್ನ ಅಂಗಡಿಯ ಮುಂದೆ ಹಕ್ಕಿ ರೆಕ್ಕೆ ಬಡಿದರೂ ಕೇಳಿಸುತ್ತದೆ.

ಮುಂದಿನ ಬೇಟೆಯ ಕಾಲ ಬಂತು. ಗಾದ್ರಪ್ಪ ಮೊದಲ ಸಲ ಮತ್ತೆ ಹೊರಟ. ಮನೆಮೆಟ್ಟನ್ನು ಊರೆಲ್ಲ ನೋಡುವಂತೆ ಬೋರಕ್ಕನ ಕಾಲಿಗೇ ತೊಡಿಸಿ, "ನಗು ಬಂದ್ರೆ ಜೋರಾಗೇ ನಗು" ಎಂದು ಹೇಳಿ ಹೋದ. ಹಗಲೆಲ್ಲ ಅವಳು ಮುಳ್ಳಿಗೆ ಮುಖ ಕಿವುಚಿದಳು, ಬಂಡೆಗೆ ಕಾಲೆತ್ತಿದಳು. ಪಕ್ಕದಲ್ಲಿ ಕಾಟಜ್ಜ ಕಂಬಳಿ ಹೊದ್ದು ಕೂತಿದ್ದ, ಬಲಗಾಲಿನ ಜಾಗದಲ್ಲಿ ಕಂಬಳಿ ಚಪ್ಪಟೆಯಾಗಿ ಇಳಿಬಿದ್ದಿತ್ತು. ಹೊತ್ತು ಇಳಿಯಿತು. ಬೋರಕ್ಕ ಕಟ್ಟೆಯಿಂದ ಇಳಿದು ನೆಲಕ್ಕೆ ಕಾಲೊತ್ತಿ ನಿಂತಳು. ನಾನು ಹಂಚಿನ ಮೇಲೆ ರೊಟ್ಟಿ ಹಾಕಿದ್ದೆ.

"ನೀರಿಗಿಳ್ದ" ಎಂದ ಕಾಟಜ್ಜ.

ಬೋರಕ್ಕ ಏನೂ ಹೇಳಿರಲಿಲ್ಲ. ಅವಳ ಬೆನ್ನು ನಮ್ಮ ಕಡೆಗಿತ್ತು, ಮುಖ ಕಣಿವೆಯ ಕಡೆಗಿತ್ತು. ಅವಳು ಗಕ್ಕನೆ ತಿರುಗಿದಳು. "ಯಾರ್ ಹೇಳಿದ್ರು ಅಪ್ಪಯ್ಯ?"

ಕಾಟಜ್ಜ ಕಾಲಿಲ್ಲದ ಕಂಬಳಿಯತ್ತ ನೋಡುತ್ತಿದ್ದ. "ತಣ್ಣಗೈತೆ" ಎಂದ. "ಮೀನು ಬಂದ್ವು ನೋಡು. ಕಚ್ತಾವೆ." ಹಲ್ಲಿಲ್ಲದ ಆ ಬಾಯಲ್ಲಿ ನಗು ಬಂತು, ಕೂಡಲೇ ಬೋರಕ್ಕನಿಗೂ ಬಂತು, ಅದೇ ಹೊತ್ತಿಗೆ, ಅದೇ ಕಚಗುಳಿಗೆ. ಅಪ್ಪ ಮಗಳು ಇಬ್ಬರೂ ನಗುತ್ತಾ ಕಣ್ಣೊರೆಸಿಕೊಳ್ಳುತ್ತಿದ್ದರು. ಕಟ್ಟೆಯ ಮೇಲಿದ್ದವರು ಒಬ್ಬೊಬ್ಬರಾಗಿ ಎದ್ದು ನಿಂತರು. ಸೂರಯ್ಯ ತಲೆಯ ಮೇಲಿನ ಟವೆಲು ತೆಗೆದು ಕೈಯಲ್ಲಿ ಹಿಡಿದುಕೊಂಡ.

"ಸಾಕು ಬಾರಯ್ಯ ಮೇಲಕ್ಕೆ, ಮುರಿದ ಕಾಲು ನೆನೆಸ್ಬೇಡ" ಎಂದು ಬೋರಕ್ಕ ಗಂಡನಿಗೆ ಹೇಳುವಂತೆ ಕಾಲನ್ನು ನೆಲಕ್ಕೆ ಬಡಿಯಲು ಹೋದಳು. ಕಾಟಜ್ಜ ಅವಳ ಸೆರಗು ಹಿಡಿದು ನಿಲ್ಲಿಸಿದ.

"ಒಂಚೂರು ಇರ್ಲಿ ಬಿಡವ್ವ" ಎಂದ. "ನೀರು ಮುಟ್ಟಿ ಎಷ್ಟು ವರ್ಷ ಆಗಿತ್ತು."

ಹಂಚಿನ ಮೇಲೆ ನನ್ನ ರೊಟ್ಟಿ ಕರಕಲಾಗುತ್ತಿತ್ತು. ನಾನು ಮಗುಚಲು ಹೋಗಲಿಲ್ಲ.